ಹೆಸರುಗಳನ್ನು ಕಾಯುವ ಊರು

ಪ್ಲೇಗು ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನಮ್ಮ ಮನೆಗಳ ಹಿರಿಯರು ದನಿ ತಗ್ಗಿಸುತ್ತಾರೆ. ಅವರು ಕಣ್ಣಾರೆ ಕಂಡವರಲ್ಲ, ಅಜ್ಜಿ ಮುತ್ತಜ್ಜಿಯರ ಬಾಯಿಂದ ಕೇಳಿದವರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಬೇನೆ 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ನಡುಗಿಸಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಸಾಕು, ಬಾಗಿಲಿಗೆ ಬೀಗ ಹಾಕಿ, ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಕಾಲ ಕಳೆಯುತ್ತಿದ್ದರು. ಹಲವು ಊರುಗಳಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಆದರೆ ನಮ್ಮೂರಿನ ಯಾವ ಓಣಿಯಲ್ಲಿ, ಯಾರ ಮನೆಯಲ್ಲಿ, ಎಷ್ಟು ಜನ ಸತ್ತರು, ಅವರ ಹೆಸರೇನು ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಮಂದಿ ಇದ್ದಾರೆ?

ಅದೇ ಬೇನೆಯಿಂದ ಸುಮಾರು ಮುನ್ನೂರ ಅರವತ್ತು ವರ್ಷಗಳ ಹಿಂದೆ ಮಡಿದವರ ಹೆಸರು, ಮಡಿದ ದಿನ, ಅವರ ಮನೆತನ ಇವನ್ನು ಇಂದಿಗೂ ಹೇಳಬಲ್ಲ ಒಂದು ಹಳ್ಳಿ ಇಂಗ್ಲೆಂಡಿನಲ್ಲಿದೆ. ಡರ್ಬಿಶೈರ್ ಪ್ರಾಂತದ ಗುಡ್ಡಗಳ ನಡುವೆ ಇರುವ ಆ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಓದಿದರೆ ‘ಎಯಾಮ್’ ಎಂದು ತೋರಬಹುದು. ಊರವರು ಕರೆಯುವುದು ‘ಈಮ್’ ಎಂದು. ಅಲ್ಲಿರುವ ಪುಟ್ಟ ವಸ್ತುಸಂಗ್ರಹಾಲಯವನ್ನು ನಡೆಸುತ್ತಿರುವುದು ಸರ್ಕಾರವಲ್ಲ, ದೊಡ್ಡ ವಿಶ್ವವಿದ್ಯಾಲಯವೂ ಅಲ್ಲ. ಸಂಬಳ ಬಯಸದೆ ಬಂದು ದುಡಿಯುವ ಸ್ವಯಂಸೇವಕರ ಬಲದಿಂದಲೇ ಅದು ನಡೆದುಕೊಂಡು ಬಂದಿದೆ. ಅವರ ಕೆಲಸವನ್ನು ಓದುಗ ಬಂಧುಗಳಿಗೆ ಪರಿಚಯಿಸುವುದೇ ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ಅವರು ಕಾಯುತ್ತಿರುವ ಕಥೆಯನ್ನು ಅರಿಯಬೇಕು.

1665ರ ಬೇಸಿಗೆ ಕಳೆಯುತ್ತಿದ್ದ ದಿನಗಳು. ಲಂಡನ್ ನಗರದಲ್ಲಿ ಪ್ಲೇಗು ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಆಗ ಈಮ್ ಗ್ರಾಮದ ಒಬ್ಬ ಸಿಂಪಿಗನ ಮನೆಗೆ ಲಂಡನ್ನಿನಿಂದ ಬಟ್ಟೆಯ ಪೆಟ್ಟಿಗೆಯೊಂದು ಬಂದಿತು. ಬಟ್ಟೆಯಲ್ಲಿ ಚಿಗಟಗಳಿದ್ದವೆಂದು ಹೇಳುತ್ತಾರೆ. ಅದನ್ನು ಬಿಚ್ಚಿ ಒಣಹಾಕಿದ ಜಾರ್ಜ್ ವಿಕರ್ಸ್ ಎಂಬ ಕೆಲಸಗಾರ ಕೆಲವೇ ದಿನಗಳಲ್ಲಿ ಸತ್ತ. ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ಅವನನ್ನು ಹೂಳಲಾಯಿತು. ಆ ಬಳಿಕ ಅಕ್ಕಪಕ್ಕದ ಮನೆಗಳಿಗೆ ರೋಗ ಹಬ್ಬಿತು. ಚಳಿಗಾಲದಲ್ಲಿ ಸ್ವಲ್ಪ ತಣ್ಣಗಾದಂತೆ ಕಂಡು, ಮರುವರ್ಷದ ಬೇಸಿಗೆಯಲ್ಲಿ ಹೆಚ್ಚಿನ ಉಗ್ರತೆಯಿಂದ ಮರಳಿತು.

ಊರಿನ ಪಾದ್ರಿ ವಿಲಿಯಂ ಮೊಂಪೆಸನ್ ಇನ್ನೂ ತರುಣ, ಊರಿಗೆ ಹೊಸಬ. ಅವನಿಗಿಂತ ಮೊದಲು ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಮತಭೇದದ ಕಾರಣದಿಂದ ಹುದ್ದೆ ಕಳೆದುಕೊಂಡಿದ್ದರೂ ಜನರ ವಿಶ್ವಾಸ ಉಳಿಸಿಕೊಂಡಿದ್ದ. ಪರಸ್ಪರ ಒಪ್ಪದ ಈ ಇಬ್ಬರು 1666ರ ಜೂನ್ ತಿಂಗಳಲ್ಲಿ ಒಂದಾಗಿ ಮೂರು ನಿರ್ಧಾರಗಳನ್ನು ಜನರ ಮುಂದಿಟ್ಟರು. ಸತ್ತವರನ್ನು ಚರ್ಚಿನ ಆವರಣಕ್ಕೆ ತರದೆ ಆಯಾ ಮನೆಯವರೇ ತಮ್ಮ ಹಿತ್ತಿಲಲ್ಲೋ ಹೊಲದಲ್ಲೋ ಹೂಳಬೇಕು. ಪ್ರಾರ್ಥನೆ ಚರ್ಚಿನೊಳಗೆ ಬೇಡ, ಊರ ಪಕ್ಕದ ಕಣಿವೆಯ ಬಯಲಲ್ಲಿ, ಮನೆಮಂದಿ ಬೇರೆ ಬೇರೆ ನಿಂತು ನಡೆಯಲಿ. ಮೂರನೆಯದು ಎಲ್ಲಕ್ಕಿಂತ ಕಠಿಣವಾದುದು: ಊರ ಎಲ್ಲೆ ದಾಟಿ ಯಾರೂ ಹೊರಗೆ ಹೋಗಕೂಡದು. ಸುತ್ತಲಿನ ಊರವರು, ಚಾಟ್ಸ್‌ವರ್ತ್ ಅರಮನೆಯ ಒಡೆಯರು ಎಲ್ಲೆಯವರೆಗೆ ಆಹಾರ ತಂದಿಟ್ಟು ಹೋಗುತ್ತಿದ್ದರು. ಎಲ್ಲೆಯ ಕಲ್ಲಿನಲ್ಲಿ ಕೊರೆದ ಕುಳಿಗಳಿಗೆ ವಿನೆಗರ್ ಎಂಬ ಹುಳಿದ್ರವ ತುಂಬಿ, ಅದರಲ್ಲಿ ಹಣ ಹಾಕಿಡುತ್ತಿದ್ದರು. ನಾಣ್ಯದ ಮೂಲಕ ರೋಗ ಹೋಗದಿರಲೆಂಬ ಎಚ್ಚರ ಅದು.

ಆ ಆಗಸ್ಟ್ ತಿಂಗಳಲ್ಲಿ ಎಲಿಜಬೆತ್ ಹ್ಯಾನ್‌ಕಾಕ್ ಎಂಬ ತಾಯಿ ಎಂಟೇ ದಿನಗಳಲ್ಲಿ ತನ್ನ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ನೆರವಿಗೆ ಯಾರೂ ಬರುವಂತಿರಲಿಲ್ಲ. ಏಳು ದೇಹಗಳನ್ನು ಅವಳೊಬ್ಬಳೇ ಎಳೆದು ತಂದು, ಗುಂಡಿ ತೋಡಿ, ಮಣ್ಣು ಮಾಡಿದಳು. ಆ ಸಮಾಧಿಗಳು ಊರ ಹೊರಗಿನ ಇಳಿಜಾರಿನಲ್ಲಿ, ಕಲ್ಲಿನ ಚಿಕ್ಕ ಆವರಣದೊಳಗೆ ಇಂದಿಗೂ ಇವೆ. ಅದೇ ತಿಂಗಳು ಮೊಂಪೆಸನ್ನನ ಹೆಂಡತಿ ಕ್ಯಾಥರೀನ್ ಸಹ ಸತ್ತಳು. ನವೆಂಬರಿನಲ್ಲಿ ಬೇನೆ ನಿಂತಾಗ ಮಡಿದವರು ಸುಮಾರು 260 ಮಂದಿ.

ಊರು ಹೀಗೆ ತನ್ನನ್ನು ತಾನೇ ಬಂಧಿಸಿಕೊಂಡದ್ದರಿಂದ ಸುತ್ತಲಿನ ಹಳ್ಳಿಗಳು ಉಳಿದುವೆಂಬುದು ಈ ಕಥೆಯ ಸಾರ. ಇಂತಹ ಕಥೆಗೆ ಕಾಲ ಕಳೆದಂತೆ ಬಣ್ಣ ಏರುವುದು ಸಹಜ. ಬಣ್ಣವನ್ನೂ ನಿಜವನ್ನೂ ಬೇರ್ಪಡಿಸುವವರು ಯಾರು? ಸಂಗ್ರಹಾಲಯದ ನಿಜವಾದ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ಕ್ಲಾರೆನ್ಸ್ ಡೇನಿಯಲ್ ಎಂಬವರು ಅದೇ ಊರಿನ ಇತಿಹಾಸಪ್ರೇಮಿ. ಊರಿಗೆ ಸಂಬಂಧಿಸಿದ ಕಾಗದಪತ್ರಗಳು, ಹಳೆಯ ಸಾಮಾನುಗಳು, ಸುತ್ತಲಿನ ಗುಡ್ಡಗಳ ಖನಿಜಗಳು ಇವೆಲ್ಲವನ್ನೂ ಜೀವಮಾನವಿಡೀ ಕೂಡಿಹಾಕಿ, ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಸಂಗ್ರಹಾಲಯ ಮಾಡಿಕೊಂಡಿದ್ದರು. ಇಂತಹವರು ನಮ್ಮಲ್ಲೂ ಇದ್ದಾರೆ. ಅವರು ಕಣ್ಮುಚ್ಚಿದ ಮೇಲೆ ಆ ಸಾಮಾನು ಏನಾಗುತ್ತದೆ ಎಂಬುದನ್ನೂ ನಾವು ಬಲ್ಲೆವು. ಕಾಗದ ರದ್ದಿಗೆ, ಹಿತ್ತಾಳೆ ತೂಕಕ್ಕೆ. ಈಮ್‌ನಲ್ಲಿ ಹಾಗಾಗಲಿಲ್ಲ. ಡೇನಿಯಲ್ಲರ ಸಂಗ್ರಹವನ್ನು ತಳಹದಿಯಾಗಿಟ್ಟುಕೊಂಡು ಊರವರು ಕೂಡಿ, ಹಿಂದೆ ಪ್ರಾರ್ಥನಾಮಂದಿರವಾಗಿದ್ದ ಒಂದು ಕಟ್ಟಡದಲ್ಲಿ 1994ರಲ್ಲಿ ಸಂಗ್ರಹಾಲಯ ತೆರೆದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ದೇಶದ ಸೂರತ್ ನಗರದಲ್ಲಿ ಪ್ಲೇಗಿನ ಭೀತಿ ಹಬ್ಬಿ ಲಕ್ಷಾಂತರ ಜನ ಊರು ಬಿಟ್ಟು ಓಡಿದ್ದು ಹಲವರಿಗೆ ನೆನಪಿರಬಹುದು.

ಕಟ್ಟಡದ ನೆತ್ತಿಯ ಮೇಲೆ ಗಾಳಿಯ ದಿಕ್ಕು ತೋರುವ ಲೋಹದ ಪಟ ಇದೆ. ಸಾಮಾನ್ಯವಾಗಿ ಅಲ್ಲೆಲ್ಲ ಇಂತಹ ಪಟಕ್ಕೆ ಹುಂಜದ ಆಕಾರ. ಇಲ್ಲಿ ಮಾತ್ರ ಇಲಿ! ದುಃಖದ ಕಥೆ ಹೇಳುವವರಿಗೂ ಸ್ವಲ್ಪ ನಗೆ ಬೇಕಾಗುತ್ತದೆಯಷ್ಟೆ. ಒಳಗೆ ಪ್ಲೇಗಿನ ವೃತ್ತಾಂತವೇ ಮುಖ್ಯವಾದರೂ ಊರಿನ ಬಾಳು ಅಷ್ಟಕ್ಕೇ ಮುಗಿಯಲಿಲ್ಲವೆಂಬುದನ್ನು ಮರೆತಿಲ್ಲ. ಸೀಸದ ಗಣಿ, ನೇಯ್ಗೆ, ಪಾದರಕ್ಷೆಯ ಕೆಲಸ, ಹೀಗೆ ಆ ಜನ ಹೊಟ್ಟೆ ಹೊರೆದ ಕಸುಬುಗಳಿಗೂ ಅಲ್ಲಿ ಸ್ಥಳವಿದೆ.

ಸಣ್ಣ ಸಂಗ್ರಹಾಲಯವೊಂದರಲ್ಲಿ ಸ್ವಯಂಸೇವಕರಿಗೆ ಅಂತಹ ಕೆಲಸವೇನಿದೆ, ಬಾಗಿಲು ತೆರೆದು ಕುಳಿತರಾಯಿತಲ್ಲ ಎಂದು ಕೆಲವರು ಭಾವಿಸುವುದುಂಟು. ಬಾಗಿಲು ತೆರೆಯುವುದು ಎಲ್ಲಕ್ಕಿಂತ ಹಗುರವಾದ ಕೆಲಸ. ಯಾರಾದರೂ ಒಂದು ವಸ್ತುವನ್ನು ತಂದುಕೊಟ್ಟರೆ ಅದಕ್ಕೆ ಕ್ರಮಸಂಖ್ಯೆ ಕೊಟ್ಟು ದಾಖಲೆ ಪುಸ್ತಕಕ್ಕೆ ಏರಿಸಬೇಕು. ಯಾರು ಕೊಟ್ಟರು, ಯಾವಾಗ ಕೊಟ್ಟರು, ಅದು ಯಾರ ಮನೆಯದು, ಯಾವುದಕ್ಕೆ ಬಳಕೆಯಾಗುತ್ತಿತ್ತು ಎಂಬುದನ್ನು ಕೊಟ್ಟವರ ಬಾಯಿಂದಲೇ ಕೇಳಿ ಬರೆಯಬೇಕು. ಈ ನಾಲ್ಕು ಸಾಲು ಇಲ್ಲದಿದ್ದರೆ ಎಷ್ಟೇ ಹಳೆಯ ವಸ್ತುವಾದರೂ ಅನಾಥ. ಇನ್ನು ಬಟ್ಟೆ, ಕಾಗದಗಳಿಗೆ ಬೆಳಕೇ ವೈರಿ. ಅವುಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದೆಂಬುದು ಸಂಗ್ರಹಾಲಯಗಳ ನಿಯಮ. ಓದಲು ಬಳಸುವ ದೀಪದ ಬೆಳಕಿಗಿಂತ ಅದು ಎಷ್ಟೋ ಮಂದ. ಹುಳು, ತೇವ, ಧೂಳು ಇವುಗಳ ಮೇಲೆ ಕಣ್ಣಿಟ್ಟಿರಬೇಕು. ಶಾಲೆಯ ಮಕ್ಕಳು ತಂಡತಂಡವಾಗಿ ಬರುತ್ತಾರೆ. ಸಾವಿನ ಕಥೆಯನ್ನು ಹತ್ತು ವರ್ಷದ ಮಗುವಿಗೆ ಹೆದರಿಕೆಯಾಗದಂತೆ, ಆದರೆ ಸುಳ್ಳಾಗದಂತೆ ಹೇಳಬೇಕು. ಇದು ಹೇಳಿದಷ್ಟು ಸುಲಭವಲ್ಲ. ಮಕ್ಕಳಿಗೆ ಪಾಠ ಹೇಳಿದವರಿಗೆ ಅದರ ಕಷ್ಟ ಗೊತ್ತು. ಕೂಲಿಯ ಲೆಕ್ಕವಿಲ್ಲದೆ ನಡೆಯುವ ಇಂತಹ ದುಡಿಮೆಗೆ ನಮ್ಮಲ್ಲಿ ಕಾಯಕವೆಂಬ ಮಾತಿದೆ. ಅದನ್ನು ಇಲ್ಲಿ ಬಳಸಿದರೆ ತಪ್ಪಾಗಲಾರದು.

ಈ ದಾಖಲೆಯ ಶ್ರದ್ಧೆಯಿಂದ ಕಥೆಯೇ ತಿದ್ದುಪಡಿಯಾದ ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಈಮ್‌ನಲ್ಲಿ ಇದ್ದವರು 350, ಸತ್ತವರು 260ರ ಮೇಲೆ, ಉಳಿದವರು 83 ಮಾತ್ರ ಎಂದು ಬಹುಕಾಲ ಹೇಳಿಕೊಂಡು ಬರಲಾಗಿತ್ತು. ಮುಂದೆ ಸ್ಥಳೀಯ ಇತಿಹಾಸಕಾರರು ಚರ್ಚಿನ ಜನನ ಮರಣ ದಾಖಲೆಯನ್ನು ‘ಒಲೆ ತೆರಿಗೆ’ಯ ಪಟ್ಟಿಯೊಡನೆ ಹೋಲಿಸಿ ನೋಡಿದರು. ಮನೆಯಲ್ಲಿರುವ ಒಲೆಗಳನ್ನು ಎಣಿಸಿ ಹಾಕುತ್ತಿದ್ದ ತೆರಿಗೆ ಅದು. ಆಗ ತಿಳಿದುಬಂದದ್ದು, ಊರಿನಲ್ಲಿದ್ದವರು ಸುಮಾರು 700 ಜನ; ಉಳಿದವರು ನಾನೂರಕ್ಕೂ ಹೆಚ್ಚು. ಇದರಿಂದ ಕಥೆಯ ಘನತೆ ಕುಗ್ಗಿತೆಂದು ನನಗೆ ಅನಿಸುವುದಿಲ್ಲ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರೆಂಬುದು ಸಣ್ಣ ಮಾತೇ?

ಇನ್ನೂ ಇರುಸುಮುರುಸಿನ ಪ್ರಶ್ನೆಗಳಿವೆ. ಅನುಕೂಲಸ್ಥರು ಕೆಲವರು ಮೊದಲೇ ಊರು ಬಿಟ್ಟಿದ್ದರು. ಮೊಂಪೆಸನ್ ತನ್ನ ಮಕ್ಕಳನ್ನು ಮುಂಚಿತವಾಗಿಯೇ ಹೊರಗೆ ಕಳುಹಿಸಿದ್ದ. ಹಾಗಾದರೆ ಉಳಿದವರು ಸ್ವಇಚ್ಛೆಯಿಂದ ನಿಂತರೋ, ಹೋಗಲು ಎಡೆಯಿಲ್ಲದೆ ನಿಂತರೋ? ಇಂದು ನಾವು ಕೇಳುವ ತ್ಯಾಗದ ಕಥೆ ಬಹುಮಟ್ಟಿಗೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನದ ಲೇಖಕರ ಕೈಯಲ್ಲಿ ರೂಪುಗೊಂಡಿತೆಂದು ವಾದಿಸಿದ ಇತಿಹಾಸಜ್ಞರೂ ಇದ್ದಾರೆ. ಊರಿನ ಹೆಮ್ಮೆಯನ್ನು ಕಾಯುವವರಿಗೆ ಇಂತಹ ಮಾತು ಚುಚ್ಚುತ್ತದೆ. ಆದರೂ ಬಂದವರು ಕೇಳಿದಾಗ ಎರಡೂ ಮಗ್ಗುಲನ್ನು ಹೇಳದೆ ಬರಿಯ ಪುರಾಣ ಹೇಳಿದರೆ ಅದು ಸಂಗ್ರಹಾಲಯವಾಗಲಾರದು. ನನ್ನ ಮಟ್ಟಿಗೆ ಹೇಳುವುದಾದರೆ, ಹ್ಯಾನ್‌ಕಾಕ್ ತಾಯಿಯ ಎಂಟು ದಿನಗಳನ್ನು ಯಾವ ವಾದವೂ ಅಲುಗಿಸಲಾರದು.

ಹೆಸರು, ದಿನಾಂಕಗಳನ್ನು ಬರೆದಿಟ್ಟದ್ದರ ಫಲ ವಿಜ್ಞಾನಕ್ಕೂ ದೊರೆಯಿತು. 1990ರ ದಶಕದಲ್ಲಿ ಅಮೆರಿಕದ ವಿಜ್ಞಾನಿಯೊಬ್ಬರು ಅಲ್ಲಿ ಬದುಕುಳಿದವರ ವಂಶಸ್ಥರನ್ನು ಹುಡುಕಿ, ಪ್ಲೇಗನ್ನು ತಡೆಯುವ ಗುಣವೇನಾದರೂ ಅವರ ರಕ್ತದಲ್ಲಿದೆಯೇ ಎಂದು ಪರೀಕ್ಷಿಸಿದರು. ಆ ಊಹೆಗೆ ಮುಂದೆ ಗಟ್ಟಿಯಾದ ಆಧಾರ ಸಿಗಲಿಲ್ಲ. 2016ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ, ಯಾರ ಮನೆಯಲ್ಲಿ ಯಾರು ಯಾವ ದಿನ ಸತ್ತರೆಂಬ ದಾಖಲೆಯನ್ನೇ ಹಿಡಿದು ಲೆಕ್ಕ ಹಾಕಿ, ಅಲ್ಲಿ ಸುಮಾರು ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೆ ತಗಲಿರಬೇಕು, ಇಲಿಗಳಿಂದ ಬಂದುದು ಕಾಲು ಪಾಲು ಎಂಬ ನಿರ್ಣಯಕ್ಕೆ ಬಂದಿತು. ಹದಿನೇಳನೆಯ ಶತಮಾನದ ಯಾವನೋ ಗುಮಾಸ್ತ ದೀಪದ ಬೆಳಕಿನಲ್ಲಿ ಬರೆದ ಸಾಲುಗಳು ಇಷ್ಟು ದೂರ ಬಂದುವು!

2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಇಂಗ್ಲೆಂಡಿನ ಎಲ್ಲ ಸಂಗ್ರಹಾಲಯಗಳೂ ಬಾಗಿಲು ಮುಚ್ಚಿದುವು. ಎಪ್ಪತ್ತು ದಾಟಿದವರು ಮನೆಯಲ್ಲೇ ಇರಲಿ ಎಂದು ಸರ್ಕಾರ ಹೇಳಿತು. ಇಂತಹ ಚಿಕ್ಕ ಸಂಸ್ಥೆಗಳಲ್ಲಿ ಕೈಜೋಡಿಸುವವರು ಹೆಚ್ಚಾಗಿ ನಿವೃತ್ತರೇ ಆದ್ದರಿಂದ ಆ ಪೆಟ್ಟು ಇಮ್ಮಡಿಯಾಯಿತು. ಟಿಕೆಟಿನ ಹಣವಿಲ್ಲ, ಬರುವ ಜನವಿಲ್ಲ, ದುಡಿಯುವ ಕೈಗಳೂ ಇಲ್ಲ. ದಿಗ್ಬಂಧನದ ಕಥೆ ಹೇಳುತ್ತಿದ್ದ ಊರಿಗೇ ದಿಗ್ಬಂಧನ ಬಂದಿತ್ತು. ಬಾಗಿಲು ಮತ್ತೆ ತೆರೆಯಿತೆಂಬುದು ಸಂತೋಷದ ವಿಷಯ. ಆದರೆ ವಯಸ್ಸಾದವರು ಹಿಂದೆ ಸರಿದಾಗ ಆ ಜಾಗಕ್ಕೆ ತರುಣರು ಬರುವರೇ ಎಂಬ ಚಿಂತೆ ಸ್ವಯಂಸೇವೆಯನ್ನೇ ನಂಬಿದ ಎಲ್ಲ ಸಂಗ್ರಹಾಲಯಗಳನ್ನೂ ಕಾಡುತ್ತಿದೆ.

ನಮ್ಮ ಸಮಾಜದ ಎಷ್ಟೋ ಕುಟುಂಬಗಳು ಇಂದು ಇಂಗ್ಲೆಂಡಿನಲ್ಲಿ ನೆಲೆಸಿವೆ. ಮಕ್ಕಳನ್ನು ಕಾಣಲೆಂದು ಹೋಗುವ ತಂದೆತಾಯಿಗಳು ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ನಮಿಸಿ ಬರುತ್ತಾರೆ. ಉತ್ತರದ ಕಡೆಗೆ ಪ್ರಯಾಣವಿದ್ದರೆ ಶೆಫೀಲ್ಡ್ ನಗರದಿಂದ ಈಮ್‌ಗೆ ಸುಮಾರು 20 ಕಿಲೋಮೀಟರು. ಚಳಿಗಾಲದಲ್ಲಿ ಸಂಗ್ರಹಾಲಯ ಮುಚ್ಚಿರುವುದರಿಂದ ವಸಂತದಿಂದ ಶರತ್ಕಾಲದ ಒಳಗೆ ಹೋಗುವುದು ಒಳ್ಳೆಯದು. ಆಗಸ್ಟ್ ತಿಂಗಳ ಕೊನೆಯ ಭಾನುವಾರ ಮಡಿದವರ ಸ್ಮರಣೆಗಾಗಿ ಊರವರು, ಹಿಂದೆ ಮನೆಮಂದಿ ಬೇರೆ ಬೇರೆ ನಿಂತು ಪ್ರಾರ್ಥಿಸಿದ ಅದೇ ಕಣಿವೆಯಲ್ಲಿ ಸೇರುವ ವಾಡಿಕೆಯಿದೆ. ಎಲ್ಲೆಯ ಕಲ್ಲಿನವರೆಗೆ ಹೊಲಗಳ ನಡುವೆ ಕಾಲುದಾರಿಯಿದೆ, ಸ್ವಲ್ಪ ನಡೆಯಬೇಕಾಗುತ್ತದೆ. ಕಲ್ಲಿನ ಕುಳಿಗಳಲ್ಲಿ ಈಗಲೂ ಒಂದೊಂದು ನಾಣ್ಯ ಕಾಣುತ್ತದೆ, ಬಂದವರು ಹಾಕಿ ಹೋದುದು.