ಗೀಸರಿಗೆ ಅಗ್ಗದ ಹೊತ್ತು ಯಾವುದು?

ನಮ್ಮ ಅತ್ತಿಗೆ ವರ್ಷಗಟ್ಟಲೆ ನಸುಕಿನ ನಾಲ್ಕಕ್ಕೆದ್ದು ಗೀಸರ್ ಹಾಕುತ್ತಿದ್ದರು. ‘ರಾತ್ರಿ ಕರೆಂಟು ಅಗ್ಗ ಕಣಪ್ಪ’ ಎನ್ನುವುದು ಅವರ ನಂಬಿಕೆ. ನಿದ್ದೆ ಕೆಟ್ಟಿತೇ ಹೊರತು ಬಿಲ್ಲಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಅವರ ಮನೆಯದು ಸಾಮಾನ್ಯ ಮೀಟರ್. ಅದು ಯೂನಿಟ್ ಎಣಿಸುತ್ತದೆ, ಗಂಟೆ ನೋಡುವುದಿಲ್ಲ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಯಾವ ಹೊತ್ತಿನಲ್ಲಾದರೂ ಹೆಚ್ಚುಕಡಿಮೆ ಒಂದು ಯೂನಿಟ್ ಬೇಕು.

ಆ ನಂಬಿಕೆಗೆ ಬುಡವೇ ಇಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ 1978ರಿಂದ ‘ಎಕಾನಮಿ 7’ ಎಂಬ ವ್ಯವಸ್ಥೆಯಿದೆ: ರಾತ್ರಿಯಲ್ಲಿ ಏಳು ಗಂಟೆಗಳ ಕಾಲ ಕಡಿಮೆ ದರ, ಅದನ್ನು ಬೇರೆಯಾಗಿ ಎಣಿಸುವ ಮೀಟರ್. ನಮ್ಮಲ್ಲೂ ಕಾರ್ಖಾನೆಗಳಿಗೆ ಹೊತ್ತಿಗೊಂದು ದರ ಇದೆ. ಅದು ತಾನಾಗಿ ಮನೆಗೂ ಬರುತ್ತದೆ ಎಂದುಕೊಳ್ಳುವುದೇ ತಪ್ಪು.

ಮನೆಗೆ ಬಂದಾಗಲೂ ಅಗ್ಗದ ಹೊತ್ತು ರಾತ್ರಿಯೇ ಆಗಿರಬೇಕೆಂದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿಯನ್ನು ನೋಡಿ. ಬಿಸಿಲಿನ ಎಂಟು ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಏರಿದ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ. 10 ಹೆಚ್ಚು. ಗಂಟೆಗಳನ್ನು ಗೊತ್ತುಮಾಡುವುದು ಆಯಾ ರಾಜ್ಯದ ಆಯೋಗ. ಸೌರ ವಿದ್ಯುತ್ ಹೇರಳವಾಗಿರುವ ನಾಡಿನಲ್ಲಿ ಇದು ಸರಿಯಾದ ದಾರಿ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಮಧ್ಯಾಹ್ನ ಕಾಯಿಸಿ ಮರುದಿನ ಬೆಳಿಗ್ಗೆ ಮೀಯುವುದು ಲಾಭವೇ? ಟ್ಯಾಂಕಿನ ಶಾಖ ರಾತ್ರಿಯಿಡೀ ಸೋರುತ್ತದೆ. ಹೊದಿಕೆ ಕಳಪೆಯಾಗಿದ್ದರೆ ದರದಲ್ಲಿ ಉಳಿಸಿದ್ದು ಅಲ್ಲೇ ಕರಗಿಹೋಗುತ್ತದೆ. ಅಂಥ ದರ ಇರುವವರು ಸಂಜೆಯೇ ಸ್ನಾನ ಮುಗಿಸಿದರೆ ಲೆಕ್ಕ ಸರಿಹೋಗುತ್ತದೆ. ಟ್ಯಾಂಕಿನ ಗೀಸರಿನ ಮೇಲಿನ ನಕ್ಷತ್ರಗಳು ಹೇಳುವುದೂ ಶಾಖ ಸೋರುವ ಈ ಲೆಕ್ಕವನ್ನೇ. ಎಷ್ಟು ಬೇಗ ಕಾಯುತ್ತದೆ ಎಂಬುದನ್ನಲ್ಲ, ಕಾದ ನೀರು ಸುಮ್ಮನಿರುವಾಗ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು ಅಳೆದು ಅವನ್ನು ಕೊಡುತ್ತಾರೆ. ಕೊಳ್ಳುವಾಗ ಇದನ್ನು ಅಂಗಡಿಯವರು ಬಿಡಿಸಿ ಹೇಳಿದರೆ ಎಷ್ಟೋ ಮನೆಗಳಿಗೆ ಉಪಕಾರ.

‘ಆಫ್ ಮಾಡಿ ಮತ್ತೆ ಕಾಯಿಸುವುದಕ್ಕಿಂತ ಸದಾ ಆನ್ ಇಟ್ಟರೇ ಉಳಿತಾಯ’ ಎಂಬ ಮಾತೂ ಸುಳ್ಳು. ನೀರು ಬಿಸಿಯಾಗಿದ್ದಷ್ಟು ಹೊತ್ತೂ ಶಾಖ ಹೊರಹೋಗುತ್ತಲೇ ಇರುತ್ತದೆ, ಅದನ್ನು ತುಂಬಲು ಗೀಸರ್ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ. ಎರಡು ಕಿಲೋವಾಟಿನ ಗೀಸರಿಗೆ 25 ಲೀಟರ್ ಕಾಯಿಸಲು ಸುಮಾರು ಅರ್ಧ ಗಂಟೆ ಸಾಕು. ಕಡಿಮೆ ವಾಟಿನದು ಕಡಿಮೆ ಕರೆಂಟು ಎಳೆಯುತ್ತದೆ, ನಿಜ, ಆದರೆ ಅದೇ ನೀರಿಗೆ ಹೆಚ್ಚು ಹೊತ್ತು ಉರಿಯುತ್ತದೆ. ಯೂನಿಟ್ ಅಷ್ಟೇ.

ಕರ್ನಾಟಕದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಪಡೆಯುವ ಮನೆಗಳಂತೂ ಗಂಟೆ ಹುಡುಕುವುದಕ್ಕಿಂತ ಯೂನಿಟ್ ಕಾಯುವುದು ಮೇಲು. ದಿನಕ್ಕೊಂದು ಯೂನಿಟ್ ಎಂದರೆ ತಿಂಗಳಿಗೆ 30. ಆಫ್ ಮಾಡಲು ಮರೆತ ದಿನಗಳು ಅದಕ್ಕೆ ಸೇರಿ ಮನೆಯ ಒಟ್ಟು ಬಳಕೆ ತಿಂಗಳಿಗೆ 200 ಯೂನಿಟ್ ದಾಟಿತೆಂದರೆ, ಮೀರಿದ ನಾಲ್ಕಾರು ಯೂನಿಟ್ಟಿಗಲ್ಲ, ಆ ತಿಂಗಳ ಇಡೀ ಬಿಲ್ಲಿಗೆ ಹಣ ಕಟ್ಟಬೇಕು.