ಒಂಟಿ ದ್ವೀಪಕ್ಕೆ ಎಂಟು ತಟ್ಟೆ

ಮನುಷ್ಯರ ಸುಳಿವೇ ಇಲ್ಲದ ದ್ವೀಪವೊಂದರಲ್ಲಿ ಒಬ್ಬರೇ ಸಿಕ್ಕಿಕೊಂಡಿರಿ ಎನ್ನಿ. ಜೊತೆಗೆ ಎಂಟು ಗ್ರಾಮಫೋನ್ ತಟ್ಟೆಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಯಾವ ಎಂಟು? ಲಂಡನ್ನಿನ ಬಿಬಿಸಿ ರೇಡಿಯೋ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು 1942ರ ಜನವರಿ 29ರಂದು, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ. ರಾಯ್ ಪ್ಲಮ್ಲಿ ಎಂಬಾತನ ತಲೆಗೆ ಹೊಳೆದ 'ಡೆಸರ್ಟ್ ಐಲೆಂಡ್ ಡಿಸ್ಕ್ಸ್' ಎಂಬ ಆ ಕಾರ್ಯಕ್ರಮ ಇಂದಿಗೂ ನಿಂತಿಲ್ಲ. ರಾಜಕಾರಣಿ, ವಿಜ್ಞಾನಿ, ನಟ, ಪಾದ್ರಿ ಎಲ್ಲರೂ ಬಂದು ತಮ್ಮ ಎಂಟನ್ನು ಹೇಳಿ, ನಡುವೆ ತಮ್ಮ ಬದುಕಿನ ಕಥೆಯನ್ನೂ ಹೇಳಿ ಹೋಗಿದ್ದಾರೆ. ಗಾಯಕಿ ಎಲಿಜಬೆತ್ ಶ್ವಾರ್ಜ್‌ಕಾಫ್ 1958ರಲ್ಲಿ ಆರಿಸಿದ ಎಂಟರಲ್ಲಿ ಏಳು ತಮ್ಮವೇ ಆಗಿದ್ದವು. ಬಹಳ ಮಂದಿ ನಕ್ಕರು. ಆದರೆ ಒಂಟಿಯಾಗಿ ಉಳಿದವನಿಗೆ ತನ್ನದೇ ಹಳೆಯ ದನಿ ಒಳ್ಳೆಯ ಸಂಗಾತಿಯಾಗಬಾರದೆಂದು ಏನಿದೆ?

ಪ್ಲಮ್ಲಿ ಪ್ರಶ್ನೆಯ ಜೊತೆಗೆ ಒಂದು ಷರತ್ತನ್ನೂ ಸೇರಿಸಿದ್ದ. ದ್ವೀಪದಲ್ಲಿ ಗ್ರಾಮಫೋನ್ ಇದೆ, ಎಂದೂ ಮುಗಿಯದಷ್ಟು ಸೂಜಿಗಳೂ ಇವೆ ಎಂದು ಭಾವಿಸಿಕೊಳ್ಳಬೇಕು. ಈಗಿನವರಿಗೆ ಈ ಸೂಜಿಯ ಮಾತು ವಿಚಿತ್ರವಾಗಿ ಕಂಡೀತು. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನನ್ನು ಕಂಡವರಿಗೆ ಅದರ ಅರ್ಥ ಗೊತ್ತು. ಅರಗಿನಿಂದ ಮಾಡಿದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಉಕ್ಕಿನ ಸೂಜಿ ಒಂದೆರಡು ಮಗ್ಗುಲು ನುಡಿಸುವಷ್ಟರಲ್ಲಿ ಮೊಂಡಾಗುತ್ತಿತ್ತು. ಬದಲಿಸದಿದ್ದರೆ ತಟ್ಟೆಯ ಗೀರುಗಳೇ ಕೆಡುತ್ತಿದ್ದವು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು. ಎಂಟು ತಟ್ಟೆಗಳ ಎರಡೂ ಮಗ್ಗುಲು ಸೇರಿದರೆ ಒಂದು ಗಂಟೆಯೂ ತುಂಬದು. ರಾತ್ರಿಯಿಡೀ ಹಾಡುತ್ತಿದ್ದ ನಮ್ಮ ಗವಾಯಿಗಳು ಈ ಮೂರು ನಿಮಿಷದ ಪೆಟ್ಟಿಗೆಯೊಳಗೆ ರಾಗವನ್ನು ಮಡಿಸಿಡಲು ಕಲಿತದ್ದೇ ಒಂದು ಸಾಹಸ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಕುಳಿತ ಗೌಹರ್ ಜಾನ್ ಆ ವಿದ್ಯೆಯಲ್ಲಿ ಪಳಗಿದ ಮೊದಲಿಗರಲ್ಲಿ ಒಬ್ಬರು. ಅವರು ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ.

ಚಿತ್ರದುರ್ಗದ ಸೀಮೆಯಲ್ಲಿ ನಿಂತು ದ್ವೀಪದ ಮಾತಾಡುವುದು ತಮಾಷೆಯೇ. ಕಡಲು ಎಷ್ಟೋ ದೂರ. ಮಳೆ ಕೈಕೊಡುವ ಈ ಬಯಲಿನಲ್ಲಿ ದೊಡ್ಡ ನೀರೆಂದರೆ ಹಿರಿಯೂರಿನ ಮಾರಿಕಣಿವೆಯ ವಾಣಿವಿಲಾಸ ಸಾಗರ. ಅದೂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಹಾಗಿದ್ದರೂ ಕೆಲವೇ ಹಾಡುಗಳನ್ನು ನೆಚ್ಚಿಕೊಂಡು ಒಂಟಿಯಾಗಿ ಹೊತ್ತು ಕಳೆದವರಿಗೆ ಇಲ್ಲಿ ಬರವಿಲ್ಲ.

ಬೆಂಗಳೂರು-ಪುಣೆ ಹೆದ್ದಾರಿಯೂ ಶ್ರೀರಂಗಪಟ್ಟಣದಿಂದ ಬೀದರಿನ ಕಡೆಗೆ ಹೋಗುವ ರಸ್ತೆಯೂ ಒಂದನ್ನೊಂದು ಹಾಯುವ ಊರು ಹಿರಿಯೂರು. ಕ್ಯಾಸೆಟ್ಟಿನ ಕಾಲದಲ್ಲಿ ಇಲ್ಲಿ ಚಹಾ ಕುಡಿಯಲು ನಿಂತ ಲಾರಿಗಳ ಕ್ಯಾಬಿನ್ನಿನಲ್ಲಿ ಇಣುಕಿದರೆ ದೇವರ ಪಟದ ಪಕ್ಕದಲ್ಲಿ ಹತ್ತೋ ಹನ್ನೆರಡೋ ಕ್ಯಾಸೆಟ್ ಕಾಣುತ್ತಿದ್ದವು. ಕ್ಲೀನರ್ ಹುಡುಗ ನಿದ್ದೆಹೋದ ಮೇಲೆ ಚಾಲಕನಿಗೆ ಇರುಳೆಲ್ಲ ಜೊತೆಯಾಗುತ್ತಿದ್ದುದು ಅವೇ. ಅವನ ಆಯ್ಕೆ ಬಿಬಿಸಿಯ ಅತಿಥಿಯ ಆಯ್ಕೆಯಂತೆ ಬಾಯಿಮಾತಿನದಲ್ಲ. ಬೇಸರ ತರುವ ಕ್ಯಾಸೆಟ್ ನಿದ್ದೆ ತರುತ್ತದೆ, ನಿದ್ದೆ ಸಾವನ್ನು ತರಬಹುದು. ನಾಲ್ವತ್ತೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುವ 'ಖಟ್' ಸದ್ದೂ ಅವನನ್ನು ಎಚ್ಚರವಾಗಿಡುತ್ತಿತ್ತು. ಗಡಿ ಕಾಯುವ ಸೈನಿಕರಿಗಾಗಿ ವಿವಿಧ ಭಾರತಿ ನಡೆಸಿದ 'ಜಯಮಾಲಾ' ಕಾರ್ಯಕ್ರಮದ ಕೇಳುಗರೂ ಇದೇ ಜಾತಿಯವರು. ಚಿತ್ರನಟರು ಬಂದು ತಮ್ಮ ಮೆಚ್ಚಿನ ಹಾಡುಗಳನ್ನು ಹಾಕಿಸುತ್ತಿದ್ದ ವಿಶೇಷ ಜಯಮಾಲಾವನ್ನು ಪ್ಲಮ್ಲಿಯ ಕಾರ್ಯಕ್ರಮದ ಭಾರತೀಯ ದಾಯಾದಿ ಎನ್ನಬಹುದು. ಒಂದೇ ವ್ಯತ್ಯಾಸ. ಅಲ್ಲಿ ದ್ವೀಪದಲ್ಲಿರುವಂತೆ ನಟಿಸುವವನು ಅತಿಥಿ, ಇಲ್ಲಿ ನಿಜವಾಗಿಯೂ ದ್ವೀಪದಲ್ಲಿರುವವನು ಕೇಳುಗ.

ಕನ್ನಡದ ಮಟ್ಟಿಗೆ 'ಆಲ್ಬಂ' ಎಂಬ ಕಲ್ಪನೆ ಮನೆಮನೆಗೆ ಬಂದದ್ದೂ ಕ್ಯಾಸೆಟ್ಟಿನಿಂದಲೇ. ಲಾಂಗ್ ಪ್ಲೇ ತಟ್ಟೆ 1948ರಲ್ಲೇ ಹುಟ್ಟಿತಾದರೂ ಅದನ್ನು ನುಡಿಸುವ ಯಂತ್ರ ಉಳ್ಳವರ ಸೊತ್ತಾಗಿತ್ತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದಾಗ ಕವಿತೆಯ ಪುಸ್ತಕ ಕೊಳ್ಳದವರೂ ಕವಿತೆಯನ್ನು ಕೊಂಡರು. ಮುಂದೆ ಇಂಥ ಸುರುಳಿಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಹೆಸರು ಎಚ್.ಎಸ್. ವೆಂಕಟೇಶಮೂರ್ತಿಯವರದು. 2025ರಲ್ಲಿ ನಮ್ಮನ್ನಗಲಿದ ಈ ಕವಿ ಬೆಂಗಳೂರು ಸೇರುವ ಮುನ್ನ ಮೇಷ್ಟರಾಗಿದ್ದದ್ದು ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯಲ್ಲಿ. ಅವರ ಹಾಡುಗಳು ಕ್ಯಾಸೆಟ್ಟಾಗಿ ಅದೇ ಹೊಳಲ್ಕೆರೆಯ ಅಂಗಡಿಗೆ ಮರಳಿ ಬಂದವು.

ಆದರೆ ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿ ನೋಡೋಣ. ಎಂಟಲ್ಲ, ಒಂದೇ ಒಂದು. ಅದಕ್ಕೆ ಉತ್ತರ ಕೊಟ್ಟವನ ಕಥೆ ದುರ್ಗದಲ್ಲೇ ಇದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಎಂದರೆ 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಬಿದ್ದ ಕಾಲದ ಆಸುಪಾಸಿನಲ್ಲಿ, ಇಲ್ಲಿದ್ದನೆನ್ನುವ ಸಂಗೀತಗಾರ ವೆಂಕಟಸುಬ್ಬಯ್ಯ. ಭೈರವಿ ರಾಗ ಅವನ ಹೆಸರಿಗೇ ಅಂಟಿಕೊಂಡು ಅವನು ಭೈರವಿ ವೆಂಕಟಸುಬ್ಬಯ್ಯನಾದ. ಸುಲ್ತಾನನ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕಳೆದುಕೊಂಡ ಎಂಬುದು ಕಥೆ. ಚರಿತ್ರೆ ಎಷ್ಟು, ಐತಿಹ್ಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ತಳುಕಿನ ತ.ರಾ. ಸುಬ್ಬರಾಯರು 'ಹಂಸಗೀತೆ' ಕಾದಂಬರಿ ಬರೆದಾಗ ಈ ಕಷ್ಟವನ್ನು ಮರೆಮಾಚಲಿಲ್ಲ. ಅಳಿದುಳಿದ ಮಾತುಗಳನ್ನು ಕೂಡಿಸಿ ಒಬ್ಬ ಮನುಷ್ಯನನ್ನು ಕಟ್ಟುವ ಪ್ರಯತ್ನವನ್ನೇ ಕಾದಂಬರಿಯ ಭಾಗವಾಗಿಸಿದರು.

ಒಂದೇ ರಾಗ ಎಂದರೆ ಬಡತನವೆಂದು ತಿಳಿಯಬಾರದು. ಕರ್ನಾಟಕ ಸಂಗೀತದ ಭೈರವಿ ಇಪ್ಪತ್ತನೆಯ ಮೇಳವಾದ ನಠಭೈರವಿಯಿಂದ ಹುಟ್ಟಿದ್ದು. ಆದರೆ ತಾಯಿಯಲ್ಲಿಲ್ಲದ ಒಂದು ಸ್ವರವನ್ನು ಹೊರಗಿನಿಂದ ತಂದುಕೊಂಡಿದೆ. ಏರುವಾಗ ಚತುಶ್ರುತಿ ಧೈವತ, ಇಳಿಯುವಾಗ ಶುದ್ಧ ಧೈವತ. ಈ ಎರಡು ಧೈವತಗಳ ನಡುವಿನ ಜಾಗವೇ ಗಾಯಕನಿಗೆ ಮೇಯಲು ಬೇಕಾದಷ್ಟಾಯಿತು. ವೆಂಕಟಸುಬ್ಬಯ್ಯನ ಕಾಲದವರೇ ಎನ್ನಬಹುದಾದ ಶ್ಯಾಮಾಶಾಸ್ತ್ರಿಗಳು (1762–1827) ಈ ರಾಗದಲ್ಲಿ ರಚಿಸಿದ ಸ್ವರಜತಿಯನ್ನು ಇಂದಿಗೂ ದೊಡ್ಡ ವಿದ್ವಾಂಸರು ಅಳುಕಿನಿಂದಲೇ ಮುಟ್ಟುತ್ತಾರೆ. ಹಿಂದೂಸ್ತಾನಿಯ ಭೈರವಿ ಬೇರೆಯೇ. ಅಲ್ಲಿ ರಿಷಭವೂ ಕೋಮಲ, ಸ್ವರಗಳ ಲೆಕ್ಕದಲ್ಲಿ ನಮ್ಮ ತೋಡಿಗೆ ಹತ್ತಿರ. ಕಛೇರಿ ಮುಗಿಸಿ ಏಳುವ ಮುನ್ನ ಹಾಡುವ ರಾಗ ಅದು.

ತ.ರಾ.ಸು. ಅವರ ಕಾದಂಬರಿ ಎರಡು ಸಲ ಸಿನಿಮಾ ಆಯಿತು. 1956ರ ಹಿಂದಿ ಚಿತ್ರ 'ಬಸಂತ್ ಬಹಾರ್' ಮೊದಲನೆಯದು. ಅದರಲ್ಲಿ ಭೀಮಸೇನ ಜೋಶಿಯವರ ಎದುರು ಹಾಡಿ ಗೆಲ್ಲಬೇಕೆಂದಾಗ ಮನ್ನಾ ಡೇ ಊರು ಬಿಟ್ಟು ಓಡಿಹೋಗಲು ಯೋಚಿಸಿದ್ದರಂತೆ. ಗದಗದ ಕಡೆಯವರೇ ಆದ ಜೋಶಿ ಕಥೆಯ ಅಗತ್ಯಕ್ಕಾಗಿ ಸೋತುಕೊಟ್ಟರು. ಎರಡನೆಯದು ಜಿ.ವಿ. ಅಯ್ಯರ್ ಅವರ ಕನ್ನಡದ 'ಹಂಸಗೀತೆ' (1975), ಅನಂತನಾಗ್ ಮುಖ್ಯ ಪಾತ್ರದಲ್ಲಿ. ಅದರ ಹಾಡಿಗಾಗಿ ಎಂ. ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ದುರ್ಗದವರು ಎಂಟು ತಟ್ಟೆ ಆರಿಸಲು ಕುಳಿತರೆ ಇವೆರಡೂ ಅದರಲ್ಲಿ ಇದ್ದೇ ಇರುತ್ತವೆ. ಓಬವ್ವನ ಹಾಡಿರುವ 'ನಾಗರಹಾವು' (1972) ಕೂಡ, ಅದೂ ತ.ರಾ.ಸು. ಅವರದೇ ಕಥೆ. ಆದರೆ ಈ ಪಟ್ಟಿಯಲ್ಲಿ ವೆಂಕಟಸುಬ್ಬಯ್ಯನ ದನಿ ಎಲ್ಲಿದೆ? ಬೇರೆಯವರ ಕೊರಳಿನಲ್ಲಿ ಅವನನ್ನು ಊಹಿಸಿಕೊಳ್ಳುತ್ತಿದ್ದೇವೆ, ಅಷ್ಟೇ. ಸೂಜಿ, ತಟ್ಟೆ ಬರುವುದಕ್ಕೆ ನೂರು ವರ್ಷ ಮೊದಲು ಅವನು ಹಾಡಿ ಮುಗಿಸಿದ್ದ.

ಇಡೀ ಮನುಕುಲದ ಪರವಾಗಿ ತಟ್ಟೆ ಆರಿಸಿದ ಪ್ರಸಂಗವೂ ಒಂದಿದೆ. 1977ರಲ್ಲಿ ಅಮೆರಿಕ ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪವಿದ್ದ ಒಂದೊಂದು ತಾಮ್ರದ ತಟ್ಟೆ ಇತ್ತು. ವಿಜ್ಞಾನಿ ಕಾರ್ಲ್ ಸೇಗನ್ ಮುಂದಾಳುತನದ ಸಮಿತಿ ಅದಕ್ಕೆ 27 ಸಂಗೀತದ ತುಣುಕುಗಳನ್ನು ಆರಿಸಿತು. ಭಾರತದಿಂದ ಹೋದದ್ದು ಒಂದೇ, ಗೋವೆಯ ಕೇಸರಬಾಯಿ ಕೇರ್ಕರ್ ಹಾಡಿದ ಮೂರೂವರೆ ನಿಮಿಷದ ಭೈರವಿ. ಆ ತಟ್ಟೆಗಾಗಿ ಹುಡುಕಿ ಹುಡುಕಿ ಕೊನೆಗೆ ನ್ಯೂಯಾರ್ಕಿನಲ್ಲಿ ಭಾರತೀಯ ಕುಟುಂಬವೊಂದು ನಡೆಸುತ್ತಿದ್ದ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ, ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಕಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಎರಡನೆಯ ನೌಕೆ ಹಾರಿದ ಕೆಲವೇ ದಿನಗಳಲ್ಲಿ, ಕೇಸರಬಾಯಿ ತೀರಿಕೊಂಡರು. ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯವೂ ಇದೆ, ಅವುಗಳಲ್ಲಿ ಕನ್ನಡವೂ ಒಂದು. ಪ್ಲಮ್ಲಿಯ ಷರತ್ತನ್ನು ನೆನೆದವರಂತೆ ಆ ವಿಜ್ಞಾನಿಗಳು ತಟ್ಟೆಯ ಜೊತೆಗೆ ನುಡಿಸುವ ಸೂಜಿಯನ್ನೂ ಇಟ್ಟು ಕಳಿಸಿದ್ದಾರೆ.

ಸೂಜಿಯ ಹಂಗೇ ಇಲ್ಲದವರೂ ಉಂಟು. ಹಿರಿಯೂರಿಗೆ ನೆರೆಯ ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಸಾವಿರಾರು ಪದಗಳು ನೆನಪಿನಲ್ಲಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಆ ಹಾಡುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಪದವಿ ಕೊಟ್ಟಿತು. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣು, ಹೆತ್ತ ಹೆಣ್ಣು ಹಟ್ಟಿಯ ಹೊರಗಿನ ಗುಡಿಸಿಲಿನಲ್ಲಿ ದಿನಗಟ್ಟಲೆ ಇರಬೇಕಾದ ಪದ್ಧತಿ ಇತ್ತು. ಕೆಲವೆಡೆ ಇನ್ನೂ ಪೂರ್ತಿ ಹೋಗಿಲ್ಲ. ರೇಡಿಯೋದವರು ಆಟಕ್ಕಾಗಿ ಕಲ್ಪಿಸಿಕೊಂಡ ದ್ವೀಪ ಆ ಹೆಂಗಸರಿಗೆ ಮಳೆಗಾಳಿಯಲ್ಲೂ ತಪ್ಪದ ಪಾಡು. ಅಲ್ಲಿಗೆ ಯಾವ ಪೆಟ್ಟಿಗೆಯೂ ಬರುತ್ತಿರಲಿಲ್ಲ. ನೆನಪಿನಲ್ಲಿದ್ದದ್ದಷ್ಟೇ ಜೊತೆಗಿರುತ್ತಿತ್ತು.

ನೆನಪಿನ ಸಂಗೀತಕ್ಕೆ ಒಂದೇ ತೊಂದರೆ, ಮನುಷ್ಯನೊಡನೆ ಅದೂ ಹೋಗುತ್ತದೆ. ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಉಸಿರು ಎಲ್ಲಿ ಎಳೆದರು ಎಂಬುದು ಉಳಿಯುವುದಿಲ್ಲ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಬೀಸುವ ಪದವೂ ಮೂಲೆ ಸೇರಿತು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶುರುವಾದ ಶಿವಸಂಚಾರ ತಂಡ ವರ್ಷವರ್ಷವೂ ನಾಟಕಗಳನ್ನು ಹೊತ್ತು ನಾಡು ಸುತ್ತಿದೆ. ಆ ರಂಗಗೀತೆಗಳನ್ನು ಹಾಡಿದ ಆಯಾ ರಾತ್ರಿಯ ಕೊರಳು ನೋಡಿದವರ ಕಿವಿಯಲ್ಲಷ್ಟೇ ಇರುವಂಥದ್ದು.

ಈ ಕಾರಣಕ್ಕೇ, ನಿಜವಾಗಿ ಎಂಟನ್ನು ಆರಿಸಬೇಕಾಗಿ ಬಂದರೆ ಮೆಚ್ಚಿನದು ಯಾವುದು ಎಂದು ಕೇಳುವುದು ಸಾಲದು. ಬಾಲಮುರಳಿಯವರ ಹಾಡು ಸಾವಿರ ಮನೆಗಳಲ್ಲಿದೆ, ಈಗ ಮೊಬೈಲಿನಲ್ಲೂ ಸಿಗುತ್ತದೆ. ನಿಮ್ಮ ದ್ವೀಪಕ್ಕೆ ಒಯ್ಯದಿದ್ದರೆ ಅದಕ್ಕೇನೂ ಕೇಡಿಲ್ಲ. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ಮನೆಯೊಂದರ ಅಟ್ಟದ ಮೇಲೆ, ಮದುವೆಯ ದಿನ ಟೇಪ್ ರೆಕಾರ್ಡರ್ ಒತ್ತಿ ಹಿಡಿದ ಅಜ್ಜಿಯ ಸೋಬಾನೆ ಪದದ ಕ್ಯಾಸೆಟ್ ಇದ್ದರೆ, ಪ್ರಪಂಚದಲ್ಲಿ ಅದಿರುವುದು ಅದೊಂದೇ ಪ್ರತಿ. ಮಾಡಬೇಕಾದದ್ದು ಹೆಚ್ಚಿಲ್ಲ. ಬಹುಕಾಲ ಬಿದ್ದಿದ್ದ ಸುರುಳಿಯನ್ನು ಒಮ್ಮೆಲೇ ನುಡಿಸಬಾರದು. ಅಂಟಿಕೊಂಡಿದ್ದರೆ ಹರಿದೀತು. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕದೆ ತಿಳಿದವರ ಕೈಗೆ ಕೊಡಬೇಕು. ಇಲ್ಲದಿದ್ದರೆ ಗಾಲಿಯ ತೂತಿಗೆ ಪೆನ್ಸಿಲ್ ಹಾಕಿ ಮೆಲ್ಲಗೆ ಸ್ವಲ್ಪ ತಿರುಗಿಸಿ ಸಡಿಲವಾಗಿದೆಯೇ ನೋಡಿ, ಆಮೇಲೆ ಒಂದು ಸಲ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಮೊದಲ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಕ್ಷೇಮ. ಅದಕ್ಕೂ ಮೊದಲು ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದುಬಿಡಬೇಕು. ಅವು ಮುರಿದಿದ್ದರೆ ಅದರ ಮೇಲೆ ಬೇರೇನೂ ಮುದ್ರಿಸಲು ಯಂತ್ರ ಒಪ್ಪುವುದಿಲ್ಲ. ಮುರಿಯದೆ ಬಿಟ್ಟ ಎಷ್ಟೋ ಅಜ್ಜಿಯರ ದನಿಯ ಮೇಲೆ, ರೇಡಿಯೋದಲ್ಲಿ ಬಂದ ಆ ವರ್ಷದ ಹೊಸ ಸಿನಿಮಾದ ಹಾಡು ಕೂತಿದೆ.