ಟೇಪು ಹಿಡಿದು ಬಂದವರು ಏನನ್ನು ಅಳೆಯುತ್ತಾರೆ?

ನಾನು ನಿವೃತ್ತನಾಗಿ ಆರು ವರ್ಷವಾಯಿತು. ಈಗಲೂ ನೆಂಟರಿಷ್ಟರು ಮನೆ ಕಟ್ಟಲು ಹೊರಟರೆ ಗುದ್ದಲಿ ಪೂಜೆಗೆ ತಪ್ಪದೆ ಕರೆಯುತ್ತಾರೆ. ಪ್ರಸಾದ ಕೈಗಿಟ್ಟ ಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುವ ಪ್ರಶ್ನೆ ಒಂದೇ: “ಸಾರ್, ಕಾರ್ಪೊರೇಷನ್‌ನೋರು ಬಂದ್ರೆ ಏನ್ ಮಾಡ್ಬೇಕು?” ಅಕಾಲದಲ್ಲಿ ಮಳೆ ಬಂದರೆ ಏನು ಮಾಡಬೇಕು ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಾರೆ.

ಒಂದು ಪಾಲಿಕೆಯಲ್ಲಿ ವಾರ್ಡ್ ಇಂಜಿನಿಯರ್ ಆಗಿ ಟೇಪು ಹಿಡಿದು ಓಡಾಡಿದವನು ನಾನು. ಕಟ್ಟಡ ನೋಡಲು ಬರುವವರ ಬಗ್ಗೆ ಜನರಲ್ಲಿ ಭಯವೂ ಇದೆ, ಭರವಸೆಯೂ ಇದೆ. ಭಯಕ್ಕಿಂತ ಆ ಭರವಸೆಯೇ ನನಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿದೆ.

“ಕಟ್ಟಡ ನೋಡೋಕೆ ಅಂತಲೇ ಒಬ್ಬರು ಇರ್ತಾರೆ”

ಇರುವುದಿಲ್ಲ. ಬೆಂಗಳೂರಿನಲ್ಲಾಗಲಿ ರಾಜ್ಯದ ಬೇರೆ ಪಾಲಿಕೆಗಳಲ್ಲಾಗಲಿ, ದಿನವಿಡೀ ಕಟ್ಟಡವನ್ನೇ ತಪಾಸಣೆ ಮಾಡುತ್ತಾ ಬೀದಿ ಸುತ್ತುವ ಅಧಿಕಾರಿಯನ್ನು ಹುಡುಕಿದರೆ ಸಿಗುವುದು ಕಷ್ಟ. ನಕ್ಷೆ ಮಂಜೂರು ಮಾಡುವುದು ನಗರ ಯೋಜನೆ ವಿಭಾಗ. ಅಲ್ಲಿ ಸಹಾಯಕ ನಿರ್ದೇಶಕರು ಕೂರುತ್ತಾರೆ, ಜನರ ಬಾಯಲ್ಲಿ ಅವರು ‘ಎಡಿಟಿಪಿ’. ದೊಡ್ಡ ಕಟ್ಟಡವಾದರೆ ಕಡತ ಕೇಂದ್ರ ಕಚೇರಿಗೆ ಹೋಗುತ್ತದೆ. ಬೀದಿಯಲ್ಲಿ ಏನು ಏಳುತ್ತಿದೆ ಎಂದು ಕಣ್ಣಿಡಬೇಕಾದವರು ವಾರ್ಡಿನ ಸಹಾಯಕ ಇಂಜಿನಿಯರ್. ಗುಂಡಿ ಮುಚ್ಚಿಸುವುದು, ಮೋರಿಯ ಹೂಳು ತೆಗೆಸುವುದು, ಬಿಲ್ಲು ಬರೆಯುವುದು, ಚುನಾವಣೆ ಬಂದರೆ ಮತಗಟ್ಟೆಗೆ ಹೋಗುವುದು, ಇವೂ ಅದೇ ಮನುಷ್ಯನ ಕೆಲಸ. ಮಳೆಗಾಲದ ಎರಡು ತಿಂಗಳು ನಾನು ತಲೆ ಎತ್ತಿ ಮೇಲಿನ ಮಹಡಿ ನೋಡಿದ್ದೇ ಕಡಿಮೆ, ನೋಡಿದ್ದೆಲ್ಲ ಮೋರಿ.

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾಯಿತೆಂದು ಅದೇ ಬೀದಿಗೆ ಹೆಚ್ಚು ಕಣ್ಣು ಹುಟ್ಟಿಕೊಳ್ಳುವುದಿಲ್ಲ.

“ಇಂಜಿನಿಯರ್ ನೋಡಿ ಹೋದರು, ಮನೆ ಗಟ್ಟಿ ಅಂತಲೇ ಅರ್ಥ”

ಈ ಒಂದು ನಂಬಿಕೆಯನ್ನು ತೆಗೆಯಲಿಕ್ಕೆಂದೇ ಈ ಲೇಖನ ಬರೆಯಲು ಕೂತೆ.

ಟೇಪು ಹಿಡಿದು ಬಂದವನು ಅಳೆಯುವುದು ಜಾಗವನ್ನು. ರಸ್ತೆಯಿಂದ ಎಷ್ಟು ಬಿಟ್ಟಿದ್ದೀರಿ, ಪಕ್ಕದ ಗೋಡೆಯಿಂದ ಎಷ್ಟು, ಎತ್ತರ ಎಷ್ಟು, ಮಹಡಿ ಎಷ್ಟು, ಪಾರ್ಕಿಂಗ್ ಎಂದು ತೋರಿಸಿದ ಕಡೆ ಅಂಗಡಿಯ ಷಟರ್ ಬಂದಿದೆಯೇ, ಕೈಯಲ್ಲಿರುವ ಮಂಜೂರಾದ ನಕ್ಷೆಗೂ ಕಣ್ಣೆದುರಿನ ಕಟ್ಟಡಕ್ಕೂ ಹೊಂದುತ್ತದೆಯೇ. ಅಷ್ಟೇ. ತಳಪಾಯ, ಕಾಲಂ ಎದ್ದಾಗ ಒಮ್ಮೆ, ಕೆಲಸ ಮುಗಿದಾಗ ಒಮ್ಮೆ ಬರುವುದು ನಿಯಮ. ನಡುವೆ ಬಂದರೆ ಹೆಚ್ಚಾಗಿ ಯಾರೋ ದೂರು ಕೊಟ್ಟಿರುತ್ತಾರೆ.

ಮನೆಯ ಗಟ್ಟಿತನ ತೀರ್ಮಾನವಾಗುವುದು ಈ ಭೇಟಿಗಳ ನಡುವಿನ ದಿನಗಳಲ್ಲಿ. ಎಂ20 ಕಾಂಕ್ರೀಟು ಎಂದು ನಕ್ಷೆಯಲ್ಲಿ ಬರೆದಿರುತ್ತದೆ. ಆ ಕಾಂಕ್ರೀಟಿನಿಂದ 150 ಮಿಲಿಮೀಟರ್ ಚೌಕದ ಘನ ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒತ್ತಿದಾಗ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕು ಎಂದು ಅದರ ಅರ್ಥ. ನಮ್ಮ 30–40 ಅಡಿ ಸೈಟುಗಳ ಮನೆಯಲ್ಲಿ ಈ ಘನ ಹೊಯ್ಯುವವರು ಎಷ್ಟು ಮಂದಿ? ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಮಧ್ಯಾಹ್ನ ಬಿಸಿಲಿಗೆ ಮಿಶ್ರಣ ಗಟ್ಟಿಯಾಗುತ್ತಿದೆ ಎಂದು ಕೆಲಸದವರು ಇನ್ನೊಂದು ಬಕೆಟ್ ನೀರು ಸುರಿಯುತ್ತಾರೆ. ಸಲೀಸಾಗಿ ಹರಿಯುತ್ತದೆ, ಬೇಗ ಮುಗಿಯುತ್ತದೆ, ಮೇಸ್ತ್ರಿಗೂ ಖುಷಿ. ಹೆಚ್ಚಾದ ಆ ನೀರು ಆಮೇಲೆ ಒಣಗಿ ಹೋಗಿ ಅದರ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಕಾಂಕ್ರೀಟು ಕಣ್ಣಿಗೆ ಮೊದಲಿನ ಹಾಗೇ ಕಾಣುತ್ತದೆ, ಬಲ ಮಾತ್ರ ಇಳಿದಿರುತ್ತದೆ.

ಮೋಲ್ಡ್ ಹಾಕುವಾಗ ಕಂಬಿಯ ಕೆಳಗೆ ಕವರ್ ಬ್ಲಾಕ್ ಇಡಬೇಕು. ಸಾಮಾನ್ಯ ಮನೆಯ ಸ್ಲ್ಯಾಬಿಗೆ 20 ಮಿಲಿಮೀಟರ್ ಕವರ್ ಬೇಕು. ಇಡದೆ ಹೋದರೆ ಕಂಬಿ ಸೆಂಟ್ರಿಂಗ್ ಹಲಗೆಗೇ ಅಂಟಿಕೊಂಡು ಕೂರುತ್ತದೆ. ಏಳೆಂಟು ವರ್ಷ ಕಳೆದ ಮೇಲೆ ಬಚ್ಚಲಿನ ಸೂರಿನಿಂದ ಹೆಕ್ಕಳಿಕೆ ಬಿದ್ದು ತುಕ್ಕು ಹಿಡಿದ ಕಂಬಿ ಇಣುಕುವ ಮನೆಗಳನ್ನು ನೋಡಿದ್ದೀರಲ್ಲ, ಎಷ್ಟೋ ಕಡೆ ಅದರ ಮೂಲ ಇಲ್ಲೇ. ಕ್ಯೂರಿಂಗ್ ಸಾಮಾನ್ಯ ಸಿಮೆಂಟಿಗೆ ಕಡಿಮೆಯೆಂದರೂ ಏಳು ದಿನ. ಈಗ ಅಂಗಡಿಯಲ್ಲಿ ಸಿಗುವ ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ, ಅದರಲ್ಲೂ ಒಣ ಬಿಸಿಲಿನ ಊರಲ್ಲಿ, ಹತ್ತು ದಿನ. ಹತ್ತನೇ ದಿನ ಸಂಜೆ ಬಂದು ನಿಮ್ಮ ಕಾಲಂಗೆ ನೀರು ಬಿದ್ದಿದೆಯೇ ಎಂದು ನೋಡುವ ಸರ್ಕಾರಿ ನೌಕರ ಈ ದೇಶದಲ್ಲಿಲ್ಲ.

ಇದರ ಹೊಣೆ ಹೊತ್ತವರು ಬೇರೆ ಇದ್ದಾರೆ. ನಕ್ಷೆಯ ಅರ್ಜಿಯ ಜೊತೆ ನಿಮ್ಮ ನೋಂದಾಯಿತ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಸಹಿ ಹಾಕಿರುತ್ತಾರೆ. ಕಾನೂನಿನ ಪ್ರಕಾರ ಉಸ್ತುವಾರಿ ಅವರದು. ನಿಜದಲ್ಲಿ ಏನಾಗುತ್ತದೆ ಎಂದರೆ, ಸಹಿ ಹಾಕಿದವರನ್ನು ಮಾಲೀಕರು ನೋಡುವುದು ಆ ಸಹಿಯ ದಿನ ಮಾತ್ರ. ಅಲ್ಲಿಂದ ಮುಂದೆ ಎಲ್ಲವೂ ಮೇಸ್ತ್ರಿಯ ಕೈಯಲ್ಲಿ. 2024ರಲ್ಲಿ ಬೆಂಗಳೂರಿನಲ್ಲಿ ‘ನಂಬಿಕೆ ನಕ್ಷೆ’ ಬಂದಾಗ ಈ ಹೊಣೆ ಇನ್ನೂ ಸ್ಪಷ್ಟವಾಯಿತು. 50–80 ಅಡಿ ಸೈಟಿನವರೆಗಿನ ಮನೆಗಳಿಗೆ ನೋಂದಾಯಿತ ವೃತ್ತಿಪರರೇ ದೃಢೀಕರಿಸಿ ಆನ್‌ಲೈನಿನಲ್ಲಿ ನಕ್ಷೆ ಪಡೆಯುವ ವ್ಯವಸ್ಥೆ ಅದು. ನಂಬಿಕೆ ಯಾರ ಮೇಲೆ ಎಂಬುದು ಹೆಸರಲ್ಲೇ ಇದೆ. ಪಾಲಿಕೆ ಮಾಲೀಕರನ್ನೂ ಅವರ ಇಂಜಿನಿಯರನ್ನೂ ನಂಬಿದೆ.

1983ರಲ್ಲಿ ಬೆಂಗಳೂರಿನ ಸುಬೇದಾರ್ ಛತ್ರಂ ರಸ್ತೆಯಲ್ಲಿ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ 19 ಜನ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಒಂಬತ್ತು ಜನ. ಮೂರೂ ಇನ್ನೂ ಕೆಲಸ ನಡೆಯುತ್ತಿದ್ದ ಕಟ್ಟಡಗಳು.

“ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತೆ”

ನಡೆಯುವುದು ಎಷ್ಟು? ಬೆಂಗಳೂರಿನ 2003ರ ಕಟ್ಟಡ ಬೈಲಾ ಪ್ರಕಾರ ಶೇ. 5. ಅದೂ ಲೈಸೆನ್ಸ್ ಪಡೆದು ಕಟ್ಟಿದವರಿಗೆ, ಶುಲ್ಕ ಕಟ್ಟಿಸಿಕೊಂಡು ಆಯುಕ್ತರು ಮನ್ನಿಸಬಹುದಾದ ಮಿತಿ. ಯಾರ ಹಕ್ಕೂ ಅಲ್ಲ. ಒಂದು ಮೀಟರ್ ಬಿಡಬೇಕಾದ ಕಡೆ ಶೇ. 5 ಅಂದರೆ 5 ಸೆಂಟಿಮೀಟರ್, ಒಂದು ಬೆಂಕಿಪೊಟ್ಟಣದ ಉದ್ದ. ನಮ್ಮ ಜನ ‘ಸ್ವಲ್ಪ’ ಎನ್ನುವುದು ಇಡೀ ಮೀಟರನ್ನು.

ಲೆಕ್ಕ ಮಾಡಿ ನೋಡೋಣ. 2007ರಲ್ಲಿ ಒಪ್ಪಿಗೆಯಾದ ‘ಪರಿಷ್ಕೃತ ಮಹಾಯೋಜನೆ 2015’ರ ಕೋಷ್ಟಕದಲ್ಲಿ 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ ಶೇ. 75 ಜಾಗ ಮುಚ್ಚಬಹುದು, ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ಸೈಟಿನ ಎಷ್ಟು ಪಟ್ಟು ಎಂಬ ಮಿತಿ) 1.75. ಅಂದರೆ 30–40 ಸೈಟಿನ 1200 ಚದರಡಿಯಲ್ಲಿ ನೆಲದ ಮೇಲೆ 900, ಎಲ್ಲ ಮಹಡಿ ಸೇರಿ 2100 ಚದರಡಿ, ಪಾರ್ಕಿಂಗ್ ಲೆಕ್ಕಕ್ಕಿಲ್ಲ. ಪೂರಾ ಎರಡು ಮಹಡಿ, ಮೇಲೊಂದು ಸಣ್ಣ ತುಂಡು. ಈಗ ನಿಮ್ಮ ಬೀದಿಯ 30–40 ಮನೆಗಳ ಮಹಡಿ ಎಣಿಸಿ. ನಾನು ಎಣಿಸುವುದನ್ನು ಬಿಟ್ಟು ಬಹಳ ದಿನವಾಯಿತು.

ಇಲ್ಲೇ ವಾಸ್ತುವಿನ ಮಾತೂ ಹೇಳಿಬಿಡುತ್ತೇನೆ. ನಕ್ಷೆ ಮಂಜೂರು ಮಾಡುವವರು ವಾಸ್ತು ನೋಡುವುದಿಲ್ಲ, ಬೈಲಾದಲ್ಲಿ ಅದಕ್ಕೆ ಜಾಗವೂ ಇಲ್ಲ. ಮಾಲೀಕರು ಮಾತ್ರ ನಕ್ಷೆ ಕೈಗೆ ಬಂದ ಮೇಲೆ ಜೋಯಿಸರಿಗೆ ತೋರಿಸುತ್ತಾರೆ. ನೈಋತ್ಯ ಭಾರವಾಗಬೇಕು ಎಂದು ಮೆಟ್ಟಿಲು ಅತ್ತ ಸರಿಯುತ್ತದೆ, ಸರಿದದ್ದು ಖಾಲಿ ಬಿಡಬೇಕಾದ ಸೆಟ್‌ಬ್ಯಾಕಿನೊಳಗೆ ಕೂರುತ್ತದೆ. ನಾನು ಬರೆದ ನೋಟಿಸುಗಳಲ್ಲಿ ದುರಾಸೆಯ ಉಲ್ಲಂಘನೆ ಎಷ್ಟೋ, ದೇವಮೂಲೆಯ ಉಲ್ಲಂಘನೆಯೂ ಅಷ್ಟೇ ಇದ್ದವು. “ಗೃಹಪ್ರವೇಶ ಆಗಿಹೋಗಿದೆ ಸಾರ್, ಈಗ ಮೆಟ್ಟಿಲು ಒಡೆದ್ರೆ ಅಪಶಕುನ ಅಲ್ವಾ” ಎಂದ ಯಜಮಾನರಿಗೆ ನಾನು ಏನೂ ಹೇಳಲಿಲ್ಲ. ಜೋಯಿಸರಿಗೆ ನಕ್ಷೆ ತೋರಿಸುವುದಾದರೆ ಪಾಲಿಕೆಗೆ ಅರ್ಜಿ ಹಾಕುವ ಮೊದಲೇ ತೋರಿಸಿ, ಅಷ್ಟೇ ನನ್ನ ಕೋರಿಕೆ.

ಇನ್ನು, “ಹೇಗೂ ಅಕ್ರಮ–ಸಕ್ರಮ ಬರುತ್ತೆ” ಎಂದು ಕಾಯುವವರು. ಆ ಯೋಜನೆಯ 2014ರ ನಿಯಮದಲ್ಲಿ ವಸತಿ ಕಟ್ಟಡಕ್ಕೆ ಶೇ. 50ರವರೆಗೆ, ಬೇರೆ ಬಳಕೆಯವಕ್ಕೆ ಶೇ. 25ರವರೆಗೆ ಉಲ್ಲಂಘನೆ ಸಕ್ರಮಕ್ಕೆ ಅವಕಾಶವಿತ್ತು. ಅದೂ 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ್ದಕ್ಕೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನೇ ನೆಚ್ಚಿ ಈ ವರ್ಷ ಮೂರನೇ ಮಹಡಿಗೆ ಕಂಬಿ ಎಬ್ಬಿಸುವುದು ಕುರುಡು ಜೂಜು.

“ದೂರು ಕೊಟ್ಟರೆ ನಾಳೆಯೇ ಒಡೆಯುತ್ತಾರೆ”

ಪಕ್ಕದ ಮನೆಯವರ ಮೇಲೆ ಸಿಟ್ಟು ಬಂದವರೂ ಹೀಗೆ ನಂಬುತ್ತಾರೆ, ಉಲ್ಲಂಘಿಸಿದವರೂ ಹೀಗೇ ಹೆದರುತ್ತಾರೆ. ಇಂಜಿನಿಯರ್ ಒಬ್ಬನೇ ಏನನ್ನೂ ಒಡೆಯಲಾರ. ಮೊದಲು ತಾತ್ಕಾಲಿಕ ಆದೇಶ, ಅದಕ್ಕೆ ಮಾಲೀಕರ ಉತ್ತರ, ಆಮೇಲೆ ಸ್ಥಿರೀಕರಣ ಆದೇಶ. 1976ರ ಪಾಲಿಕೆ ಕಾಯ್ದೆಯಲ್ಲಿ ಇದು ಕಲಂ 321; ಬೆಂಗಳೂರಿಗೆ 2025ರವರೆಗೆ ಇದ್ದ 2020ರ ಬಿಬಿಎಂಪಿ ಕಾಯ್ದೆಯಲ್ಲಿ 248 ಆಗಿತ್ತು. ಅದರ ಮೇಲೆ ಮೇಲ್ಮನವಿ, ತಡೆಯಾಜ್ಞೆ. ತಡೆಯಾಜ್ಞೆ ಸಿಕ್ಕ ರಾತ್ರಿಯೇ ಮುಂದಿನ ಮೋಲ್ಡ್ ಹಾಕಿದವರನ್ನೂ ನೋಡಿದ್ದೇನೆ. ವಾರ ಬಿಟ್ಟು ಅದೇ ಬೀದಿಯಲ್ಲಿ ಹೋಗುವಾಗ ಮೇಲಿನಿಂದ ಕ್ಯೂರಿಂಗ್ ನೀರು ನನ್ನ ತಲೆ ಮೇಲೇ ಬಿತ್ತು.

ನಿಮ್ಮ ದೂರು ಕೆಲಸಕ್ಕೆ ಬರಬೇಕಾದರೆ ತಳಪಾಯದ ಹಂತದಲ್ಲೇ, ಲಿಖಿತವಾಗಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ನಾಲ್ಕನೇ ಮಹಡಿ ಎದ್ದ ಮೇಲೆ ಕೊಟ್ಟ ದೂರು ನ್ಯಾಯಾಲಯದ ಕಡತ ದಪ್ಪ ಮಾಡುತ್ತದೆ, ಹೆಚ್ಚಿನದೇನೂ ಆಗದು.

“ಎಲ್ಲ ದುಡ್ಡಿನ ಆಟ”

ಪೂರ್ತಿ ಸುಳ್ಳು ಎಂದರೆ ನಾನೇ ಸುಳ್ಳುಗಾರನಾಗುತ್ತೇನೆ. ಲೋಕಾಯುಕ್ತದ ಬಲೆಗೆ ಬಿದ್ದ ಇಂಜಿನಿಯರುಗಳ ಸುದ್ದಿ ನೀವೂ ಓದಿದ್ದೀರಿ. ಕಣ್ಣುಮುಚ್ಚಿದ ಅಧಿಕಾರಿಗೂ ಶಿಕ್ಷೆ ಎಂಬ ಕಲಂ ಕಾಯ್ದೆಯಲ್ಲೇ ಇದೆ. ಅದು ಕಾಯ್ದೆಯಿಂದ ಹೊರಗೆ ಬರುವುದು ಕಡಿಮೆ, ಅದು ಬೇರೆ ಮಾತು.

ಕೊಡುವವರು ಏನು ಕೊಂಡುಕೊಳ್ಳುತ್ತಿದ್ದಾರೆ ಎಂಬ ಬಗ್ಗೆ ಮಾತ್ರ ತಪ್ಪು ತಿಳಿದಿರುತ್ತಾರೆ. ಕವರಿನಲ್ಲಿ ಕೊಟ್ಟ ಹಣಕ್ಕೆ ಸಿಗುವುದು ಒಬ್ಬ ಮನುಷ್ಯನ ಮೌನ, ಅವನ ವರ್ಗಾವಣೆಯವರೆಗೆ. ಕಟ್ಟಡ ಕಾಗದದಲ್ಲಿ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹೊಸಬ ಬರುತ್ತಾನೆ, ಹಳೆಯ ದೂರಿನ ಪ್ರತಿ ತೆಗೆಯುತ್ತಾನೆ. ಆಗ “ಹಿಂದಿನ ಸಾಹೇಬರಿಗೆ ಕೊಟ್ಟಿದ್ದೆನಲ್ಲ” ಎಂದು ಯಾರ ಮುಂದೆ ಹೇಳುತ್ತೀರಿ?

“ಕಂದಾಯ ಕಟ್ಟುತ್ತೇನೆ, ಕರೆಂಟಿದೆ, ಬ್ಯಾಂಕು ಸಾಲ ಕೊಟ್ಟಿದೆ. ಇನ್ನೇನು?”

ಕಂದಾಯದ ರಸೀದಿ ನೀವು ಕಂದಾಯ ಕಟ್ಟಿದ್ದೀರಿ ಎಂದಷ್ಟೇ ಹೇಳುತ್ತದೆ. ಅಕ್ರಮ ಕಟ್ಟಡದಿಂದಲೂ ತೆರಿಗೆ ವಸೂಲಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ಹಾಗೆ ವಸೂಲಾದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ.

ಕರೆಂಟು, ನೀರು, ಸಾಲದ ವಿಷಯ 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬಿಗಿಯಾಗಿದೆ. ಉತ್ತರ ಪ್ರದೇಶದ ಮೀರತ್ ಪ್ರಕರಣವದು. ಕಾಮಗಾರಿ ಪೂರ್ಣಗೊಂಡ ಅಥವಾ ಸ್ವಾಧೀನಾನುಭವದ (ಓಸಿ) ಪ್ರಮಾಣಪತ್ರ ನೋಡಿಯೇ ಸಂಪರ್ಕ ಕೊಡಿ, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಸಾಲ ಕೊಡಲಿ ಎಂದು ನ್ಯಾಯಾಲಯ ದೇಶಕ್ಕೆಲ್ಲ ಹೇಳಿತು. ಇಲ್ಲಿ ಮನೆ ಮುಗಿಸಿ ಮೀಟರಿಗೆ ಕಾಯುತ್ತಾ ಕೂತವರ ಗೋಳು ಕೇಳಿಬಂತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1200 ಚದರಡಿವರೆಗಿನ ಸೈಟಿನಲ್ಲಿ ನೆಲ ಮತ್ತು ಎರಡು ಮಹಡಿ, ಅಥವಾ ಪಾರ್ಕಿಂಗಿಗೆ ಬಿಟ್ಟ ಸ್ಟಿಲ್ಟ್ ಮತ್ತು ಮೂರು ಮಹಡಿಯ ಮನೆಗಳಿಗೆ ಓಸಿಯಿಂದ ವಿನಾಯಿತಿ ಘೋಷಿಸಿತು. ಅದನ್ನೇ ಹಿಡಿದು “ಸಣ್ಣ ಮನೆಗೆ ಪ್ಲಾನೂ ಬೇಡವಂತೆ” ಎನ್ನುವ ಮಾತು ಈಗ ಟೀ ಅಂಗಡಿಗಳಲ್ಲಿ ಹುಟ್ಟಿದೆ. ವಿನಾಯಿತಿ ಓಸಿಗೆ. ನಕ್ಷೆ ಬೇಕೇ ಬೇಕು.

“ಓಸಿ ಸಿಕ್ಕಿತಲ್ಲ, ಇನ್ನು ಯಾರೂ ಕೇಳುವ ಹಾಗಿಲ್ಲ”

ಓಸಿ ಆ ದಿನದ ಕಟ್ಟಡಕ್ಕೆ ಕೊಟ್ಟದ್ದು. ಮರುದಿನದಿಂದ ಸ್ಟಿಲ್ಟಿನಲ್ಲಿ ಗೋದಾಮು, ತಾರಸಿಯಲ್ಲಿ ಶೀಟು ಹೊದಿಸಿ ಪಿಜಿ, ಎರಡನೇ ಮೆಟ್ಟಿಲ ಬಾಗಿಲಿಗೆ ಬೀಗ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ಕೆಳಗಿಳಿಯಲಾಗದೆ ಜನ ಕಿಟಕಿಯಿಂದ ಹಾರಿದರು. ಒಂಬತ್ತು ಜನ ಸತ್ತರು. ನಿಮ್ಮ ಅಪಾರ್ಟ್‌ಮೆಂಟಿನ ಎರಡನೇ ಮೆಟ್ಟಿಲಲ್ಲಿ ಇವತ್ತು ಏನಿದೆ, ಒಮ್ಮೆ ಇಳಿದು ನೋಡಿ: ಹಳೆಯ ಸೋಫಾ, ಸೈಕಲ್ಲು, ಶೂ ಸ್ಟ್ಯಾಂಡು.

ಗುದ್ದಲಿ ಪೂಜೆಯಲ್ಲಿ ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ. ಕಾರ್ಪೊರೇಷನ್‌ನವರು ಬಂದರೆ ನಕ್ಷೆ ತೋರಿಸಿ, ಅಳೆದುಕೊಂಡು ಹೋಗಲಿ. ಮೋಲ್ಡ್ ಹಾಕುವ ಹಿಂದಿನ ಸಂಜೆ ಮಾತ್ರ, ನಿಮ್ಮ ನಕ್ಷೆಗೆ ಸಹಿ ಹಾಕಿದ ಇಂಜಿನಿಯರನ್ನು ಕರೆದುಕೊಂಡು ಸೆಂಟ್ರಿಂಗ್ ಮೇಲೆ ಹತ್ತಿ. ಕಂಬಿ ಎಣಿಸಲಿ, ಕವರ್ ಬ್ಲಾಕ್ ನೋಡಲಿ, ಪ್ರಾಪ್ಸ್ ಅಲ್ಲಾಡಿಸಿ ನೋಡಲಿ. ಅವರ ಆಟೋ ದುಡ್ಡು ನೀವೇ ಕೊಡಿ. ಮರುದಿನ ಕಾಂಕ್ರೀಟು ಬಿದ್ದ ಮೇಲೆ ಆ ಕಂಬಿ ನಿಮಗೂ ಕಾಣುವುದಿಲ್ಲ, ಟೇಪು ಹಿಡಿದು ಬರುವವನಿಗೂ ಕಾಣುವುದಿಲ್ಲ.